ನಾಳೆಗೆ ಎತ್ತಿಡದ ಅತ್ತೆ

ನಮ್ಮ ಅತ್ತೆ ಅತಾರಾಳಿಗೆ ಬೆಳಗಿನ ಜಾವ ಬುಟ್ಟಿ ಹಿಡಿದು ಹೊರಗೆ ಹೋಗುವ ಅಭ್ಯಾಸ. ಇಬ್ಬನಿ ಇನ್ನೂ ನೆಲದ ಮೇಲೆ ಬೆಳ್ಳಗೆ ಕೂತಿರುವಾಗಲೇ ಎದ್ದು, ತಲೆಗೆ ಬಟ್ಟೆ ಸುತ್ತಿಕೊಂಡು, ಬಾಗಿಲ ಪಕ್ಕದ ಗೂಟದಿಂದ ಬುಟ್ಟಿ ತೆಗೆದುಕೊಂಡು ಹೊರಡುವಳು. ಹೊರಗೆ ಹೋಗಿ ಏನು ಮಾಡುವಳು? ನಿಂತು ನೋಡುವಳು. ಬಗ್ಗಿ ಕಲ್ಲುಗಳ ನಡುವೆ ಕೈಯಾಡಿಸುವಳು. ಬಿಸಿಲು ಬಂದು ಇಬ್ಬನಿ ಆರಿದ ಮೇಲೆ ಖಾಲಿ ಬುಟ್ಟಿಯೊಂದಿಗೆ ವಾಪಸು ಬಂದು, ಅದನ್ನು ಅದೇ ಗೂಟಕ್ಕೆ ತಗುಲಿಸಿ, ಏನೂ ಆಗಿಲ್ಲವೆಂಬಂತೆ ಆಡಿನ ಹಾಲು ಕರೆಯಲು ಕೂರುವಳು.

ಮರಳುಗಾಡಿನಲ್ಲಿ ದೇವರು ಇಬ್ಬನಿಯ ಜೊತೆ ದಿನವೂ ಆಕಾಶದಿಂದ ಸುರಿಸುತ್ತಿದ್ದ ಆಹಾರ, ಮನ್ನ, ನಿಂತು ಎಷ್ಟೋ ವರ್ಷಗಳಾಗಿದ್ದವು. ನಾವು ಯೊರ್ದನ್ ಹೊಳೆ ದಾಟಿ, ಈ ದೇಶದ ಧಾನ್ಯವನ್ನು ಮೊದಲ ಸಲ ಹುರಿದು ತಿಂದ ಮರುದಿನವೇ ಅದು ಬೀಳುವುದು ನಿಂತಿತ್ತು. ಆಗ ನಾನು ಚಿಕ್ಕವಳು. ಜೇನು ಸವರಿದ ತೆಳ್ಳನೆ ರೊಟ್ಟಿಯಂಥ ಅದರ ರುಚಿ ನನ್ನ ನಾಲಿಗೆಯ ಮೇಲೆ ಇನ್ನೂ ಇದೆ. ಅದು ನಾನು ತಿಂದ ನೆನಪೋ, ಅತ್ತೆ ಹೇಳಿ ಹೇಳಿ ಹುಟ್ಟಿಸಿದ ನೆನಪೋ ಎಂದು ಮಾತ್ರ ನನಗೆ ಗೊತ್ತಿಲ್ಲ. ಅತ್ತೆ ಹುಟ್ಟಿದ್ದು ಮರಳುಗಾಡಿನಲ್ಲಿ, ಬೆಳೆದದ್ದು, ಮದುವೆಯಾದದ್ದು, ಮಗನನ್ನು ಹೆತ್ತದ್ದು ಅಲ್ಲೇ. ಹೊಲವೆಂದರೆ ಏನೆಂದು ಅವಳು ಕಂಡದ್ದೇ ತಲೆ ನರೆಯತೊಡಗಿದ ಮೇಲೆ. ಅವಳ ಮಟ್ಟಿಗೆ ಊಟವೆಂದರೆ ಬೆಳಿಗ್ಗೆ ಎದ್ದಾಗ ಗುಡಾರದ ಹೊರಗೆ ಬಿದ್ದಿರುವಂಥದ್ದು. ಹೋಗಬೇಕು, ತಲೆಗೊಂದು ಓಮೆರ್, ಅಂದರೆ ಒಂದು ಅಳತೆಪಾತ್ರೆಯಷ್ಟು, ಅಳೆದು ತರಬೇಕು, ಸಂಜೆಯೊಳಗೆ ತಿಂದು ಮುಗಿಸಬೇಕು.

ಪಕ್ಕದ ಪಾಲಿನ ನೆಲದ ಬೆಕೇರನಿಗೆ ಇದು ದಿನದ ತಮಾಷೆ. ಒಡ್ಡಿನ ಮೇಲೆ ನಿಂತು, ಇವತ್ತು ಎಷ್ಟು ಬಿತ್ತು ಅತಾರಕ್ಕ, ನಮಗೂ ಸ್ವಲ್ಪ ಉಳಿಸಿದ್ದೀಯಾ ಎಂದು ಕೇಳುವನು. ಅವಳು ಸಿಟ್ಟಾಗುತ್ತಿರಲಿಲ್ಲ. ನಿನ್ನ ಮುಖ ತೊಳೆದುಕೊಂಡು ಬಾ, ಆಮೇಲೆ ಕೊಡ್ತೀನಿ ಎಂದು ನಗುವಳು. ಸಿಟ್ಟಾಗುತ್ತಿದ್ದವಳು ನಾನು.

ನಮ್ಮ ಪಾಲಿನ ವಿಷಯ ಹೇಳಬೇಕು. ಮನಸ್ಸೆಯ ವಂಶದವರಾದ ನಮ್ಮ ಕುಲದವರಿಗೆಲ್ಲ ಚೀಟು ಹಾಕಿ ನೆಲ ಹಂಚಿದಾಗ ನಮ್ಮ ಮನೆಯ ಹೆಸರಿಗೆ ಬಂದದ್ದು ಬೆಟ್ಟದ ಒಂದು ಮಗ್ಗುಲು. ತುಂಬ ಓಕ್ ಮರ, ಮರದ ಕೆಳಗೆಲ್ಲ ಕಲ್ಲು, ಕಲ್ಲಿನ ಕೆಳಗೆ ಅಂಗೈ ಅಗಲದ ಕೆಂಪು ಮಣ್ಣು. ಚೀಟು ಬಿದ್ದ ವರ್ಷವೇ ಮಾವ ತೀರಿಕೊಂಡಿದ್ದರು. ಸಾಯುವ ಮೊದಲು ಅವರನ್ನು ಎತ್ತಿಕೊಂಡು ಬಂದು ಆ ಇಳಿಜಾರಿನಲ್ಲಿ ಕೂರಿಸಿದ್ದೆವು. ಅವರು ಒಂದು ಹಿಡಿ ಮಣ್ಣು ತೆಗೆದು ನನ್ನ ಗಂಡ ಇತ್ರಾನನ ಕೈಗೆ ಹಾಕಿದರು. ಹುಟ್ಟಿದಾಗಿನಿಂದ ಗುಡಾರ ಬಿಚ್ಚಿ ಗುಡಾರ ಕಟ್ಟಿದ ಮನುಷ್ಯನಿಗೆ ತನ್ನದೆನ್ನುವ ನೆಲದ ಮೇಲೆ ಹೇಗೆ ಕೂರಬೇಕೆಂದೂ ತಿಳಿದಿರಲಿಲ್ಲ; ಅತಿಥಿಯ ಹಾಗೆ ಅಂಚಿನಲ್ಲಿ ಕೂತಿದ್ದರು.

ಇತ್ರಾನ ಮರ ಕಡಿದ, ಬೇರು ಕಿತ್ತ. ಕಲ್ಲು ಆರಿಸಿ ಒಡ್ಡು ಕಟ್ಟಿದೆವು. ಬಂಡೆ ಕೊರೆದು ನೀರಿನ ತೊಟ್ಟಿ ಮಾಡಿ ಒಳಗೆ ಸುಣ್ಣ ಬಳಿದೆವು. ನಮ್ಮ ಹಾಗೆಯೇ ಪಾಲು ಪಡೆದ ಕೆಲವರು ಎರಡು ವರ್ಷಕ್ಕೇ ಕೈಚೆಲ್ಲಿ, ಕೆಳಗೆ ಕಣಿವೆಗೆ ಇಳಿದು ಈ ದೇಶದ ಹಳಬರಾದ ಕಾನಾನ್ಯರ ಹೊಲ ಉಳಲು ಹೋಗಿದ್ದರು. ಹೋದವರು ಯಾರೂ ತಿರುಗಿ ಬರಲಿಲ್ಲ. ಅವರ ಒಡ್ಡುಗಳು ಕುಸಿದು, ಪಾಲು ಮತ್ತೆ ಕಾಡಾಯಿತು. ಇತ್ರಾನನ ಭಯ ಅದೊಂದೇ. ಅಪ್ಪ ಕೈಗೆ ಹಾಕಿದ ಮಣ್ಣನ್ನು ತಾನು ಕಳೆದುಬಿಡುತ್ತೇನೆಂದು ಅವನು ನಿದ್ದೆಯಲ್ಲೂ ಬೆವರುತ್ತಿದ್ದ.

ಇಂಥ ಮನೆಯಲ್ಲಿ ಅತ್ತೆ ಕಾಳನ್ನು ರಾತ್ರಿ ಉಳಿಯಗೊಡುತ್ತಿರಲಿಲ್ಲ.

ಮೊದಲ ವರ್ಷ ಯೊರ್ದನ್ ಆಚೆ ನೆಲೆಸಿದ ನಮ್ಮ ಕುಲದವರು ಜವೆಗೋಧಿ ಹೇರಿದ ಎರಡು ಕತ್ತೆ ಕಳಿಸಿದ್ದರು. ಒಂದು ಹೇರು ಹೊಟ್ಟೆಗೆ, ಒಂದು ಬಿತ್ತನೆಗೆ. ಸಂಜೆಯಾದರೆ ಸಾಕು, ಅತ್ತೆಗೆ ಕಸಿವಿಸಿ ಶುರು. ಗಡಿಗೆಯ ಸುತ್ತ ತಿರುಗುವಳು, ಮೂಸುವಳು, ಮುಚ್ಚಳ ತೆಗೆದು ಕೈಹಾಕಿ ನೋಡುವಳು. ಆಮೇಲೆ ಸೆರಗಿನ ತುಂಬ ತುಂಬಿಕೊಂಡು ಹೋಗಿ ದಾರಿಯಲ್ಲಿ ಕಂಡವರಿಗೆ, ಕುರುಬರಿಗೆ, ದೇವರ ಸೇವೆಗೆ ನಿಂತು ನೆಲದ ಪಾಲಿಲ್ಲದ ಲೇವಿಯರ ಮನೆಗೆ, ಬೆಕೇರನ ಮನೆಗೂ ಹಾಕಿ ಬರುವಳು. ದಾನಶೂರೆಯೆಂದು ಹಾಗೆ ಮಾಡುತ್ತಿರಲಿಲ್ಲ. ಮನೆಯೊಳಗೆ ಬೆಳಗಾಗುವ ತನಕ ಉಳಿದ ಕಾಳೆಂದರೆ ಅವಳಿಗೆ ದಿಗಿಲು. ಬಿತ್ತನೆಯ ಹೇರನ್ನು ನಾನು ಆಡುಗಳ ಗುಹೆಯ ಹಿಂದೆ ಕಲ್ಲು ಒಟ್ಟಿ ಮುಚ್ಚಿಟ್ಟೆ. ಇತ್ರಾನನಿಗೆ ಹೇಳಿಯೇ ಇಟ್ಟೆ. ಇಲ್ಲದಿದ್ದರೆ ಅದೂ ಬೆಟ್ಟದವರ ಹೊಟ್ಟೆ ಸೇರುತ್ತಿತ್ತು.

ತಮಾಷೆಯೆಂದರೆ, ಮಳೆ ಬಿದ್ದು ಬಿತ್ತುವ ದಿನ ಬಂದಾಗ ಅವಳಷ್ಟು ಚೆನ್ನಾಗಿ ಬಿತ್ತಿದವರಿಲ್ಲ. ಇತ್ರಾನ ಕಾಳುಕಾಳನ್ನು ಎಣಿಸಿದಂತೆ ಉದುರಿಸುತ್ತಿದ್ದ. ತಿನ್ನುವ ಕಾಳನ್ನು ಕೆಸರಿಗೆ ಹಾಕಲು ಅವನಿಗೆ ಎದೆ ಒಡೆಯುತ್ತಿತ್ತು, ನನಗೂ ಅಷ್ಟೇ. ಅತ್ತೆ ಮಾತ್ರ ಹಗುರಾಗಿ, ಹಾಡು ಗುನುಗಿಕೊಂಡು, ಬೊಗಸೆ ತುಂಬ ಎರಚುತ್ತ ಹೋದಳು. ಸಂಜೆಗೆ ಚೀಲ ಖಾಲಿಯಾದಾಗ ಅವಳ ಮುಖದಲ್ಲಿನ ನೆಮ್ಮದಿ ನೋಡಬೇಕಿತ್ತು. ಕೈಯಲ್ಲಿ ಏನೂ ಉಳಿದಿಲ್ಲ, ಕೊಳೆಯುವುದಕ್ಕೆ ಏನೂ ಇಲ್ಲ, ಇನ್ನು ಬೆಳಿಗ್ಗೆ ಹೊರಗೆ ಹೋಗಿ ನೋಡಬಹುದು. ಆ ದಿನ ಅವಳು ಊಟವನ್ನೂ ಮಾಡದೆ ಮಲಗಿ ಮಗುವಿನ ಹಾಗೆ ನಿದ್ದೆ ಹೋದಳು.

ನನ್ನ ಮೊದಲ ಮಗು ಹುಟ್ಟಿದ ಚಳಿಗಾಲದಲ್ಲಿ ನನಗೂ ಅವಳಿಗೂ ದೊಡ್ಡ ಜಗಳವಾಯಿತು. ಗಡಿಗೆ ಖಾಲಿ. ನನಗೆ ಎದೆಹಾಲು ಬತ್ತುತ್ತ ಬಂದಿತ್ತು. ಮಗು ಅತ್ತು ಅತ್ತು ದನಿಯಿಲ್ಲದಾಗಿತ್ತು. ಬೆಕೇರನ ಹೆಂಡತಿ ಬಂದು ಹಾಲೂಡಿಸಿದಳು; ನಾವೇ ಕೊಟ್ಟ ಜವೆಗೋಧಿ ತಿಂದು ಬಂದ ಹಾಲು ಅದು ಎಂದು ಆಮೇಲೆ ಅತ್ತೆ ಹೇಳಿದಾಗ ನನ್ನ ತಾಳ್ಮೆ ಹರಿಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ನೀವು ನಮ್ಮನ್ನೆಲ್ಲ ಕಣಿವೆಗೆ ಕಳಿಸಿಯೇ ಸಾಯೋದು ಅಂದೆ. ಅವಳು ಒಲೆಯ ಮುಂದೆ ಕೂತು ಕೇಳಿಸಿಕೊಂಡಳು. ಆಮೇಲೆ, ಬೇರೆ ಯಾರದೋ ಕಥೆಯೆಂಬಂತೆ, ತನ್ನ ಚಿಕ್ಕಂದಿನದೊಂದು ಸಂಗತಿ ಹೇಳಿದಳು.

ಅವಳಿಗೊಬ್ಬ ತಮ್ಮನಿದ್ದ. ಒಮ್ಮೆ ಅವನಿಗೆ ಜ್ವರ. ಸಂಜೆ ಏನೂ ತಿನ್ನಲಿಲ್ಲ. ಎದ್ದಾಗ ಹಸಿವಾದರೆ ಇರಲಿ ಎಂದು ಅವಳು ಒಂದು ಹಿಡಿ ಮನ್ನವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿದಳಂತೆ. ಬೆಳಿಗ್ಗೆ ಅಂಗೈಯಲ್ಲಿ ಏನೋ ಹರಿದಾಡಿ ಎಚ್ಚರವಾಯಿತು.

“ಹುಳ ಕಣೇ ನಾರಾ. ಬೆರಳ ಸಂದಿಯಿಂದ ಆಚೆ ಬರ್ತಿತ್ತು. ಗುಡಾರವೆಲ್ಲಾ ನಾತ. ಅಮ್ಮ ನನ್ನ ಎಳ್ಕೊಂಡು ಹೊರಗೆ ಬಂದ್ಳು. ನೋಡ್ತೀನಿ, ಹೊರಗೆ ನೆಲ ಕಾಣದಷ್ಟು ಬಿದ್ದಿದೆ. ಬೆಳ್ಳಗೆ. ತಮ್ಮ ಆಗಲೇ ಕೂತು ತಿಂತಿದ್ದ. ಹೊರಗೆ ಅಷ್ಟು ಕೊಟ್ಟಿದ್ದ ದೇವರು, ಒಳಗೆ ನನ್ನ ಹಿಡಿ ಮಾತ್ರ ಕೊಳೆತಿತ್ತು.”

ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು, ಈಗಲೂ ಅಲ್ಲಿ ಏನೋ ಇದೆಯೆಂಬಂತೆ. ನನ್ನ ಸಿಟ್ಟು ಇಳಿಯಿತು ಎಂದು ಹೇಳಲಾರೆ. ಹಸಿದ ಮಗುವಿನ ತಾಯಿಯ ಸಿಟ್ಟು ಅಷ್ಟು ಬೇಗ ಇಳಿಯುವುದಿಲ್ಲ. ಆದರೆ ಅಂದಿನಿಂದ ನಾನು ಅವಳ ಜೊತೆ ಗಡಿಗೆಯ ವಿಷಯಕ್ಕೆ ಜಗಳವಾಡಲಿಲ್ಲ. ಗುಹೆಯಲ್ಲಿ ಮುಚ್ಚಿಡುವಷ್ಟು ಮುಚ್ಚಿಟ್ಟೆ, ಗಡಿಗೆಯಲ್ಲಿ ಅವಳು ಹಂಚುವಷ್ಟು ಬಿಟ್ಟೆ. ಹೀಗೆ ವರ್ಷಗಳು ಹೋದವು. ಎರಡನೆಯ ಮಗಳು ಹುಟ್ಟಿದಳು. ಒಡ್ಡುಗಳು ಮೇಲಕ್ಕೆ ಏರಿದವು. ಸುಗ್ಗಿಯಲ್ಲಿ ಅತ್ತೆ ಹೊಲದ ಮೂಲೆಗಳನ್ನು ಕೊಯ್ಯಗೊಡುತ್ತಿರಲಿಲ್ಲ. ಕೊಯ್ದ ಹೊಲದಲ್ಲಿ ಬಿದ್ದ ಹಕ್ಕಲು ಆಯುವ ಬಡವರು ಬಂದರೆ ಅವರ ಮುಂದೆ ಬೇಕೆಂದೇ ತೆನೆ ಉದುರಿಸುತ್ತ ನಡೆಯುವಳು. ಅವಳು ನಡೆದ ಕಡೆಯೆಲ್ಲ ಕಾಳು. ಇತ್ರಾನ ಹಿಂದಿನಿಂದ ಹಲ್ಲು ಕಚ್ಚಿಕೊಂಡು ಬರುವನು.

ಆರನೆಯ ವರ್ಷ ಬಂತು. ಏಳನೆಯ ವರ್ಷ ನೆಲವನ್ನು ಉಳಬಾರದು, ಬಿತ್ತಬಾರದು, ನಮಗೆ ಏಳನೆಯ ದಿನ ಇರುವಂತೆ ಅದಕ್ಕೂ ಸಬ್ಬತ್ತಿನ ವಿಶ್ರಾಂತಿ ಕೊಡಬೇಕು ಎಂದು, ನಮ್ಮನ್ನು ಮರಳುಗಾಡಿನಲ್ಲಿ ನಡೆಸಿದ ಮೋಶೆಯ ಬಾಯಿಂದ ಕೇಳಿದ್ದ ಮಾತು. ಮರಳುಗಾಡಿನಲ್ಲಿ ಕೇಳುವಾಗ ಅದು ಸುಲಭವಾಗಿತ್ತು, ಆಗ ನಮಗೆ ನೆಲವೇ ಇರಲಿಲ್ಲ. ಈಗ ಬೆಟ್ಟದವರೆಲ್ಲ ಸೇರಿದಲ್ಲಿ ಇದೇ ಮಾತು. ಬೆಕೇರ, ಕಣಿವೆಯ ಕಾನಾನ್ಯರ ನೆಲ ದಣಿಯುವುದಿಲ್ಲವಂತೆ, ನಮ್ಮದಕ್ಕೆ ಮಾತ್ರ ಯಾಕಪ್ಪ ಸುಸ್ತು ಎನ್ನುತ್ತಿದ್ದ. ಆ ಸಲ ಮಳೆ ಹದವಾಗಿ ಬಿತ್ತು. ಕಣದಲ್ಲಿ ರಾಶಿ ಎಂದೂ ಕಾಣದಷ್ಟು ಎತ್ತರಕ್ಕೆ ಬಂತು. ಇಷ್ಟನ್ನು ಅತ್ತೆಯ ಕಣ್ಣು ತಪ್ಪಿಸಿ ಎಲ್ಲಿಡುವುದೆಂದು ನಾನು ತಲೆ ಕೆಡಿಸಿಕೊಂಡಿದ್ದೆ.

ತೂರುವುದು ಮುಗಿದ ಸಂಜೆ ಅವಳು ತಾನಾಗಿಯೇ ಬಂದು, ಬಂಡೆಯ ಪಕ್ಕದಲ್ಲಿ ಒಂದು ಹಗೇವು ತೋಡಿಸು, ಒಳಗೆ ಸುಣ್ಣ ಬಳಿದು ಹುಲ್ಲು ಹಾಸಿ ಇದನ್ನೆಲ್ಲ ತುಂಬಿಸು ಎಂದಳು. ನಾನು ಕಣ್ಣು ಬಿಟ್ಟುಕೊಂಡು ನೋಡಿದೆ.

“ಆರನೇ ದಿನದ್ದು ಕೊಳೀತಿರಲಿಲ್ಲ ಕಣೇ. ಎರಡರಷ್ಟು ಬೀಳ್ತಿತ್ತು. ಸಬ್ಬತ್ತಿಗೆ ಅಂತ ದೇವರೇ ಕೊಟ್ಟಿದ್ದು, ಇಟ್ಟರೂ ಹಂಗೇ ಇರ್ತಿತ್ತು. ಇದೂ ಆರನೇದೇ ಅಲ್ವಾ?”

ಹೇಳಿದಳು, ಆದರೆ ಹಗೇವಿನ ಬಾಯಿ ಮುಚ್ಚುವಾಗ ಹತ್ತಿರ ನಿಲ್ಲಲಿಲ್ಲ. ಆಮೇಲೆಯೂ ಆ ಬಂಡೆಯನ್ನು ಬಳಸಿಕೊಂಡು ಓಡಾಡುತ್ತಿದ್ದಳು. ಬುದ್ಧಿ ಒಪ್ಪಿದ್ದನ್ನು ಅಂಗೈ ಇನ್ನೂ ಒಪ್ಪಿರಲಿಲ್ಲ.

ಏಳನೆಯ ವರ್ಷದ ಮೊದಲ ಮಳೆ ಬಿದ್ದಾಗ ಆ ಕೆಂಪು ಮಣ್ಣಿನ ವಾಸನೆ ಮನುಷ್ಯನಿಗೆ ಹುಚ್ಚು ಹಿಡಿಸುವಂತಿತ್ತು. ಎತ್ತುಗಳು ಕೊಟ್ಟಿಗೆಯಲ್ಲಿ ಕಾಲು ಕೆದರಿದವು. ಇತ್ರಾನ ಒಡ್ಡಿನ ಮೇಲೆ ಕೂತು ಲೆಕ್ಕ ಹಾಕುತ್ತಿದ್ದ. ಈ ವರ್ಷ ಬಿತ್ತದಿದ್ದರೆ ಬರುವ ಸುಗ್ಗಿಯಿಲ್ಲ. ಅದರ ಮುಂದಿನ ಸುಗ್ಗಿಯ ತನಕ ಹಗೇವಿನದನ್ನೇ ತಿನ್ನಬೇಕು. ತಿಂದರೆ ಎಂಟನೆಯ ವರ್ಷಕ್ಕೆ ಬೀಜವಿಲ್ಲ. ಬೀಜವಿಲ್ಲದಿದ್ದರೆ ಕಣಿವೆ. ಎತ್ತ ತಿರುಗಿದರೂ ಅವನ ಲೆಕ್ಕ ಕಣಿವೆಗೇ ಇಳಿಯುತ್ತಿತ್ತು.

ಒಂದು ಬೆಳಿಗ್ಗೆ ಅವನು ಯಾರಿಗೂ ಹೇಳದೆ ಎತ್ತು ಕಟ್ಟಿದ. ದಾರಿಯಿಂದ ಕಾಣದ ಮೇಲಿನ ಒಡ್ಡಿಗೆ ಹೊಡೆದುಕೊಂಡು ಹೋದ. ನಾನು ಚಿಕ್ಕ ಮಗಳನ್ನು ಸೊಂಟಕ್ಕೇರಿಸಿಕೊಂಡು ಹಿಂದೆ ಓಡಿದೆ. ಅಲ್ಲಿ ನೋಡಿದರೆ ಅತ್ತೆ ಮೊದಲೇ ಇದ್ದಾಳೆ. ಬುಟ್ಟಿ ಹಿಡಿದು ಹೊರಟವಳು ಅಲ್ಲಿಗೇ ಬಂದಿದ್ದಳು. ಎತ್ತು ಕಂಡ ಕೂಡಲೇ, ನೇಗಿಲು ಹೋಗಬೇಕಾದ ಕಡೆ, ಒದ್ದೆ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟಳು.

“ಅಮ್ಮಾ, ಏಳು. ಎತ್ತು ತುಳಿದುಬಿಡುತ್ತೆ.”

“ತುಳೀಲಿ. ಸಬ್ಬತ್ತಿನ ದಿನ ಮನ್ನ ಆಯೋಕೆ ಅಂತ ಹೋದೋರಿಗೆ ಏನ್ ಸಿಕ್ತು, ಹೇಳು?”

“ಏನೂ ಸಿಗಲಿಲ್ಲ.”

“ಮತ್ತೆ? ನೆಲ ಮಲಗಿದೆ. ಮಲಗಿರೋದನ್ನ ಯಾಕೆ ಎಬ್ಬಿಸ್ತೀಯ?”

“ನಾಳೆ ಈ ಮಕ್ಕಳ ಬಾಯಿಗೆ ಏನ್ ಹಾಕಲಿ? ನೀನೇ ಹೇಳು.” ಅವನು ಎತ್ತುಗಳ ಹಗ್ಗ ಜಗ್ಗಿ ಹಿಡಿದ. “ಈ ಪಾಲು ಹೋದ್ರೆ ನಮಗೆ ಇನ್ನೊಂದು ಇಲ್ಲಮ್ಮಾ.”

ಅತ್ತೆ ಅವನನ್ನೇ ನೋಡಿದಳು. ಬೇರೆ ಸಮಯದಲ್ಲಾದರೆ ಏನಾದರೂ ಹಾಸ್ಯ ಮಾಡುತ್ತಿದ್ದಳು. ಈಗ ಮಾಡಲಿಲ್ಲ.

“ಗೊತ್ತಿಲ್ಲ ಕಂದಾ,” ಅಂದಳು. “ನಾಳೇದು ನನಗೆ ಯಾವತ್ತೂ ಗೊತ್ತಿರಲಿಲ್ಲ. ಹೊರಗೆ ಬಂದು ನೋಡ್ತಿದ್ದೆ, ಇರ್ತಿತ್ತು. ನಿಂಗೆ ನೆಲ ಕೊಟ್ಟೋನು ಅದೇ ಮನ್ನ ಕೊಟ್ಟೋನೇ ಅಲ್ವಾ? ಚೀಟು ಎತ್ತಿದ್ದು ನಾವು, ಕೊಟ್ಟಿದ್ದು ಅವನು. ನಾವು ಗೆದ್ಕೊಂಡ್ವಿ ಅಂತ ಅಂದ್ಕೊಂಡ್ರೆ ಮಾತ್ರ ಕಳ್ಕೊಳ್ಳೋ ಭಯ.”

ಇತ್ರಾನ ನೇಗಿಲಿನ ಮೇಲೆ ಕೈಯಿಟ್ಟು ನಿಂತಿದ್ದ. ಮಂಜು ಕೆಳಗಿನಿಂದ ಏರಿ ಬಂದು ಎತ್ತುಗಳ ಮೊಣಕಾಲು ಮುಚ್ಚಿತು. ಕೊನೆಗೆ ಅವನು ನೊಗ ಬಿಚ್ಚಿದ. ಅವನಿಗೆ ನಂಬಿಕೆ ಬಂತೆಂದು ನಾನು ಹೇಳುವುದಿಲ್ಲ. ತಾಯಿಯ ಮೇಲೆ ಎತ್ತು ಹಾಯಿಸಲಾಗದೆ ಬಿಚ್ಚಿದ ಅಷ್ಟೇ.

ಆ ಚಳಿಗಾಲ ಹೇಗೆ ಕಳೆಯಿತೋ. ಈಗ ನೆನೆದರೆ ಅದೊಂದು ಉದ್ದನೆಯ ಅರೆನಿದ್ದೆ. ಉಳುವ ಸದ್ದಿಲ್ಲ, ಹಕ್ಕಿ ಓಡಿಸುವ ಕೂಗಿಲ್ಲ. ಗಂಡಸರು ಬಿಸಿಲು ಬಂದಲ್ಲಿ ಕೂತು ಬಿಸಿಲು ಹೋದಾಗ ಎದ್ದರು. ಬೆಟ್ಟವೆಲ್ಲ ಉಸಿರು ಹಿಡಿದಂತಿತ್ತು. ಹಗೇವಿನಿಂದ ನಾನು ದಿನಕ್ಕಿಷ್ಟೆಂದು ತೆಗೆಯುತ್ತಿದ್ದೆ, ತೆಗೆದಾಗಲೆಲ್ಲ ಇತ್ರಾನ ಬಗ್ಗಿ ಒಳಗೆ ನೋಡುತ್ತಿದ್ದ. ಅತ್ತೆ ಜಾವದಲ್ಲಿ ಹೋಗುವಳು, ಒಂದಿಷ್ಟು ಸೊಪ್ಪು ಕಿತ್ತು ತರುವಳು. ಬೆಕೇರ ಕೂಡ ತಮಾಷೆ ಮಾಡುವುದನ್ನು ಬಿಟ್ಟಿದ್ದ.

ಮಳೆಗಾಲ ಮುಗಿಯುವ ಹೊತ್ತು. ಒಂದು ಬೆಳಿಗ್ಗೆ ನಾನು ಒಲೆ ಹೊತ್ತಿಸುತ್ತಿದ್ದೆ. ಅತ್ತೆ ಬಂದದ್ದು ಕಾಲಸಪ್ಪಳದಿಂದ ತಿಳಿಯಿತು. ಆದರೆ ಗೂಟಕ್ಕೆ ಬುಟ್ಟಿ ತಗುಲಿಸಿದ ಸದ್ದು ಬರಲಿಲ್ಲ. ತಿರುಗಿ ನೋಡಿದೆ. ಬಾಗಿಲಲ್ಲಿ ನಿಂತಿದ್ದಳು. ತಲೆಬಟ್ಟೆ ಜಾರಿತ್ತು, ನರೆಗೂದಲ ಮೇಲೆ ಇಬ್ಬನಿ. ಬುಟ್ಟಿಯನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡಿದ್ದಳು. ಅದು ತುಂಬಿತ್ತು.

ಹಸಿ ಜವೆಗೋಧಿಯ ತೆನೆ. ನಾನು ಹೊರಗೆ ಓಡಿದೆ. ಯಾರೂ ಉಳದ, ಯಾರೂ ಬಿತ್ತದ ನಮ್ಮ ಇಳಿಜಾರಿನಲ್ಲಿ, ಕಲ್ಲಿನ ಸಂದಿಯಲ್ಲಿ, ಒಡ್ಡಿನ ಅಂಚಿನಲ್ಲಿ, ದಾರಿಯ ಮೇಲೆ, ಅಡ್ಡಾದಿಡ್ಡಿಯಾಗಿ ಪೈರು ನಿಂತು ಇಬ್ಬನಿಯಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ದಿನವೂ ಓಡಾಡುವ ಜಾಗವೇ. ಹುಲ್ಲೆಂದು ಕಡೆಗಣಿಸಿದ್ದೆವು. ವರ್ಷ ವರ್ಷವೂ ಅತ್ತೆ ಉದುರಿಸುತ್ತ ನಡೆದ ಕಾಳು, ಬೇಕೆಂದೇ ಬಿಟ್ಟ ಮೂಲೆಗಳ ಕಾಳು, ತಾನಾಗಿ ಎದ್ದು ತೆನೆಯಾಗಿತ್ತು.

ಮೋಶೆಯ ಮಾತಿನಂತೆ ಆ ವರ್ಷ ತಾನಾಗಿ ಬೆಳೆದದ್ದು ಯಾರೊಬ್ಬರದೂ ಅಲ್ಲ. ಒಡೆಯ, ಆಳು, ಪರದೇಶಿ, ಕಾಡಿನ ಮೃಗ, ಎಲ್ಲರೂ ತಿನ್ನಬಹುದು, ಆದರೆ ಕೊಯ್ದು ಕೂಡಿಡುವ ಹಾಗಿಲ್ಲ. ಈ ನಿಯಮ ಕೇಳಿ ಬೆಟ್ಟದವರೆಲ್ಲ ತಬ್ಬಿಬ್ಬು. ಕೂಡಿಡದೆ ಹೇಗೆ ಆಯುವುದು? ಅತ್ತೆಗೆ ಮಾತ್ರ ಇದು ಬಾಲ್ಯದಿಂದ ಬಂದ ವಿದ್ಯೆ. ಮರಳುಗಾಡಿನ ಕಾಲದ ತನ್ನ ಮರದ ಓಮೆರ್ ಹಿಡಿದು ಜಾವಕ್ಕೇ ಹೊರಟಳು. ಅವಳ ಹಿಂದೆ ಇಡೀ ಊರು. ತಲೆಗಿಷ್ಟು, ಇವತ್ತಿಗಿಷ್ಟು, ನಡೀರಿ ಮನೆಗೆ ಎನ್ನುವಳು. ಬೆಕೇರ ದೊಡ್ಡ ಚೀಲ ತಂದಿದ್ದ. ಚೀಲ ಯಾಕಪ್ಪಾ, ನಿನಗೆ ಹೊಟ್ಟೆ ಇಲ್ವಾ ಎಂದಳು. ಅವನು ಕೇಳಲಿಲ್ಲ, ಹಸಿ ತೆನೆಯನ್ನು ಒತ್ತಿ ತುಂಬಿದ. ಮರುದಿನ ಕೈಹಾಕಿದರೆ ಒಳಗೆ ಬಿಸಿ, ಬೂಷ್ಟು, ನಾತ. ಅತ್ತೆ ಅವನನ್ನು ನೋಡಿ ನಗಲಿಲ್ಲ. ಅವನ ಕೈಯನ್ನು ತೊಟ್ಟಿಯ ನೀರಲ್ಲಿ ತಾನೇ ತೊಳೆದು ಕಳಿಸಿದಳು.

ಆ ಬೇಸಿಗೆಯೆಲ್ಲ ನಾವು ಹೊರಗಿನದನ್ನೇ ತಿಂದೆವು. ತೆನೆ ಮುಗಿದ ಮೇಲೆ ಅಂಜೂರ, ದ್ರಾಕ್ಷಿ, ಆಡಿನ ಹಾಲು. ಹಗೇವಿನ ಬಾಯಿ ಮುಚ್ಚಿಯೇ ಇತ್ತು.

ಎಂಟನೆಯ ವರ್ಷದ ಮಳೆ ಬಿತ್ತು. ಇತ್ರಾನ ನೇಗಿಲಿಗೆ ಎಣ್ಣೆ ಸವರಿದ. ಬಿತ್ತನೆಯ ಹಿಂದಿನ ಸಂಜೆ ಹಗೇವು ತೆರೆಯಬೇಕೆಂದಾಗ, ತಾನೂ ಬರುತ್ತೇನೆಂದು ಅತ್ತೆ ಬಂದಳು. ಕಲ್ಲು ಸರಿಸಿದೆವು. ಇತ್ರಾನ ಇಳಿದು ಮೇಲಿನ ಹುಲ್ಲು ತೆಗೆದು, ತಣ್ಣನೆಯ ಒಣಕಾಳನ್ನು ಬೊಗಸೆಯಲ್ಲಿ ಎತ್ತಿ ತೋರಿಸಿದ. ಒಂದು ಹಿಡಿ ತನಗೆ ಕೊಡು ಎಂದಳು. ಕೊಟ್ಟ. ಅದನ್ನು ಮುಷ್ಟಿಯಲ್ಲಿ ಹಿಡಿದು ಮನೆಗೆ ಬಂದಳು, ಹಿಡಿದುಕೊಂಡೇ ಎಡಗೈಯಲ್ಲಿ ಉಂಡಳು, ಹಿಡಿದುಕೊಂಡೇ ಮಲಗಿದಳು. ಯಾಕೆಂದು ನನಗೆ ಗೊತ್ತಿತ್ತು.

ಬೆಳಿಗ್ಗೆ ನಾನು ಎದ್ದಾಗ ಅವಳು ಚಾಪೆಯ ಮೇಲೆ ಕೂತಿದ್ದಳು. ಮುಷ್ಟಿ ಮಡಿಲಲ್ಲಿತ್ತು. ಬಿಚ್ಚಲು ಧೈರ್ಯ ಸಾಲದೆ ನನಗಾಗಿ ಕಾಯುತ್ತಿದ್ದಳು. ಪಕ್ಕದಲ್ಲಿ ಕೂತು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಅಂಗೈಯ ಬೆವರಿಗೆ ಸ್ವಲ್ಪ ಉಬ್ಬಿದ ಜವೆಗೋಧಿ. ಬೇರೇನೂ ಇರಲಿಲ್ಲ.

“ಹಂಗೇ ಇದೆ ಅಲ್ವೇನೇ?”

“ಹಂಗೇ ಇದೆ ಅತ್ತೆ.”

ಅವಳು ಅತ್ತಳು. ನನಗೂ ಅಳು ಬಂತು. ಆಮೇಲೆ ಅವಳು ಎದ್ದು ಹೋಗಿ, ಮಗ ಉತ್ತ ಮೊದಲ ಸಾಲಿಗೆ ಆ ಹಿಡಿಯನ್ನು ತಾನೇ ಎರಚಿದಳು.

ಮರುದಿನ ಬೆಳಗಿನ ಜಾವ ಬುಟ್ಟಿ ತೆಗೆಯುವ ಸದ್ದು ಕೇಳಿಸಲಿಲ್ಲ. ಇಬ್ಬನಿ ಆರಿತು, ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ನಾನು ಕೈಯಲ್ಲಿದ್ದ ಸೌದೆ ಎಸೆದು ಎದ್ದೆ. ಹತ್ತಿರ ಹೋಗಿ ಬಗ್ಗಿ ನೋಡಿದೆ. ಎರಡೂ ಅಂಗೈ ಬಿಚ್ಚಿಕೊಂಡು ಅತ್ತೆ ಗೊರಕೆ ಹೊಡೆಯುತ್ತಿದ್ದಳು.